ಮೂರನೇ ಬ್ರಷ್ಷು

ಕಂಪ್ಯೂಟರಿನಲ್ಲಿ ಮನೆ ಕಟ್ಟಿ ತೋರಿಸುವವನಿಗೆ ಎಲ್ಲಿ ಕೈ ನಿಲ್ಲಿಸಬೇಕು ಅನ್ನುವುದು ಗೊತ್ತಿರಬೇಕು. ನಮ್ಮ ಮೊಳೆಗೆ ಅದೊಂದೇ ಗೊತ್ತಿರಲಿಲ್ಲ. ಬಾಗಿಲು ಬರಿ ಅಂದರೆ ಬಾಗಿಲಿನ ಮೊಳೆಯನ್ನೂ ಬರೆಯುತ್ತಿದ್ದ. ಆಫೀಸಿನಲ್ಲಿ ಆ ಹೆಸರು ಬಿದ್ದದ್ದೇ ಹಾಗೆ.

ಆರ್ಕಿಟೆಕ್ಟ್ ಸಾಹೇಬರ ಹೆಂಡತಿಯ ಗೆಳತಿಯೊಬ್ಬಳು ಮನೆ ಕಟ್ಟಿಸಲು ಹೊರಟಿದ್ದಳು. ಹಿಂದಿನ ಸಲ ಬರೀ ಗೋಡೆ, ಕಿಟಕಿ ತೋರಿಸಿದ್ದಕ್ಕೆ, "ಇದೇನು ಮನೆಯೋ ಬೆಂಕಿಪೊಟ್ಟಣವೋ" ಎಂದು ಎದ್ದು ಹೋಗಿದ್ದಳು. ಇವತ್ತು ಮತ್ತೆ ಗಂಡನ ಜೊತೆ ಬರುವವಳಿದ್ದಳು.

"ಆಯಮ್ಮ ಒಪ್ಕೊಂಡ್ರೆ ನಿನ್ನ ಕೆಲಸ ಖಾಯಂ. ಇಲ್ದಿದ್ರೆ ನಾಳೆಯಿಂದ ಬರ್ಬೇಡ," ಎಂದರು ಸಾಹೇಬರು.

"ಎಷ್ಟು ವಿವರ ಹಾಕ್ಲಿ ಸಾರ್?"

"ಜನ ವಾಸ ಮಾಡೋ ಮನೆ ಥರ ಕಾಣ್ಬೇಕು, ಅಷ್ಟೆ."

ಅಷ್ಟೆ ಅಂದದ್ದೇ ತಪ್ಪಾಯಿತು.

"ಅಡುಗೆಮನೇಲಿ ಒಂದು ಪಾತ್ರೆಯಾದ್ರೂ ಇಡೋ, ಉಪವಾಸ ಇದ್ದೋರ ಮನೆ ಥರ ಇದೆ," ಎಂದಳು ಪಕ್ಕದ ಮೇಜಿನ ಅಕ್ಕ. "ಬಾಗಿಲ ಹತ್ರ ಚಪ್ಪಲಿ ಬಿಡಪ್ಪ," ಎಂದರು ಲೆಕ್ಕದವರು. ಮೊಳೆ ಎರಡನ್ನೂ ಹಾಕಿದ. ಸಹಜವಾಗಿರಲಿ ಎಂದು ಒಂದು ಚಪ್ಪಲಿಯನ್ನು ಮಗುಚಿಯೂ ಹಾಕಿದ. ಕಂಪ್ಯೂಟರು ಮೆಟ್ಟಿಲು ಹತ್ತಿ ಬಂದ ದಪ್ಪ ಮಾವನ ಹಾಗೆ ಏದುಸಿರು ಬಿಡತೊಡಗಿತು. ಆದರೂ ಬಿಡದೆ, ಕಂಪ್ಯೂಟರಿನಲ್ಲೇ ರೆಡಿ ಸಿಗುವ, ಹಲ್ಲುಜ್ಜುವ ಬ್ರಷ್ಷು ಸಿಕ್ಕಿಸಿದ ಲೋಟವೊಂದನ್ನು ಬಚ್ಚಲಲ್ಲಿ ತಂದಿಟ್ಟ.

ಗಂಡ ಹೆಂಡತಿ ಬಂದರು. ಪರದೆಯ ಮೇಲೆ ನಡುಮನೆ ನೋಡಿ ಆಕೆ ತಲೆದೂಗಿದಳು, ಅಡುಗೆಮನೆ ನೋಡಿ ನಕ್ಕಳು. ಬಚ್ಚಲು ಬಂದಾಗ ನಗು ನಿಂತಿತು.

"ನಾವಿರೋದು ಇಬ್ರು. ಮೂರನೇ ಬ್ರಷ್ ಯಾರ್ದು?"

"ಅದು ಮೇಡಂ, ರೆಡಿ ಸಿಗೋ ಲೋಟದಲ್ಲೇ ಮೂರು..." ಎಂದು ಮೊಳೆ ತೊದಲುವಷ್ಟರಲ್ಲಿ ಗಂಡನಿಗೆ ಬೆವರು ಕಿತ್ತುಕೊಂಡಿತು.

"ನಾನೇ ಹೇಳೋಣ ಅಂತಿದ್ದೆ ಕಣೇ. ಅಮ್ಮ ನಮ್ ಜೊತೇಲೇ ಇರ್ತೀನಿ ಅಂದ್ರು, ಹೂಂ ಅಂದ್ಬಿಟ್ಟೆ. ಈ ಪುಣ್ಯಾತ್ಮನಿಗೆ ಯಾರು ಹೇಳಿದ್ರೋ ಕಾಣೆ."

ಆಕೆ ಬ್ಯಾಗು ಎತ್ತಿಕೊಂಡು ಹೊರನಡೆದಳು. ಗಂಡ ಹಿಂದೆ ಓಡಿದ.

"ಮನೆ ಕಟ್ಟು ಅಂತ ಸಂಬಳ ಕೊಟ್ರೆ ಮನೆ ಮುರಿದ್ಯಲ್ಲೋ," ಎಂದು ಸಾಹೇಬರು ಹರಿಹಾಯ್ದರು. "ಎಲ್ಲಾ ಅಳಿಸು."

ಮೊಳೆ ಮೂಗು ಒರೆಸಿಕೊಳ್ಳುತ್ತ ಲೋಟ, ಪಾತ್ರೆ, ಬಾಗಿಲು, ಕಿಟಕಿ ಎಲ್ಲ ಅಳಿಸಿದ. ಒಂದು ಗೋಡೆ ಉಳಿದಿತ್ತು, ಆಗ ಆಕೆ ವಾಪಸು ಬಂದಳು. ಹಿಂದೆಯೇ ನೆನೆದ ಬೆಕ್ಕಿನ ಹಾಗೆ ಗಂಡ.

"ಅತ್ತೆ ಬರ್ಲಿ. ಆದ್ರೆ ಅವರಿಗೆ ಪಕ್ಕದಲ್ಲೇ ಬೇರೆ ಮನೆ. ಎರಡೂ ಈ ಹುಡುಗನೇ ಬರೀಬೇಕು. ಇಷ್ಟು ವರ್ಷ ಸಂಸಾರ ಮಾಡಿ ನನಗೆ ಕಾಣದ್ದು ಇವನಿಗೆ ಕಂಡಿದೆ," ಎಂದು ಹೇಳಿ, ಫೋನು ಕಿವಿಗಿಟ್ಟುಕೊಂಡೇ ಇಳಿದು ಹೋದಳು.

ಒಂದು ಮನೆಯ ಜಾಗದಲ್ಲಿ ಎರಡು. ಸಾಹೇಬರ ಮುಖ ಊರಗಲವಾಯಿತು. "ಖಾಯಂ ಕಣೋ ನೀನು," ಎಂದು ಸಹಿ ಹಾಕಲು ಪೆನ್ನು ತೆಗೆದರು. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಹೆಂಡತಿಯ ದನಿ ಮೊಳೆಗೂ ಕೇಳಿಸುವಷ್ಟು ಜೋರಾಗಿತ್ತು.

"ಗೆಳತಿ ಎಲ್ಲಾ ಹೇಳಿದ್ಲು ರೀ. ಸಂಜೆ ಆ ಮೊಳೇನ ಕರ್ಕೊಂಡ್ ಬನ್ನಿ. ನಮ್ಮನೇನೂ ಒಂದ್ಸಲ ಬರೀಲಿ, ಏನೇನ್ ಹೊರಗೆ ಬರುತ್ತೋ ನೋಡೋಣ."

ಸಾಹೇಬರು ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದರು. ಊರವರ ಎರಡು ಮನೆ ಹೋದರೆ ಹೋಗಲಿ, ತಮ್ಮದೊಂದು ಉಳಿಯಬೇಕಲ್ಲ.

"ಅವನಾ? ಕೆಲಸ ಬಿಟ್ಟು ಹೋದ ಕಣೇ," ಎಂದು ಮೊಳೆಗೆ ಬಾಗಿಲು ತೋರಿಸಿದರು. "ಈಗ ತಾನೇ."