ಆಲ್ಟ್ರೇಷನ್ನಿಗೆ ಹೋದ ಅಪ್ಪ

"ಮೊದಲನೇ ಹುಟ್ಟುಹಬ್ಬದ ದಿನ, ಕೇಕಿನ ಮುಂದೆ, ಬಂದೋರೆಲ್ಲ ಕಿವಿಯಾರೆ ಕೇಳೋ ಹಾಗೆ ನನ್ನ ಮಗಳು 'ಅಪ್ಪ' ಅನ್ನದಿದ್ರೆ ಈ ಮೀಸೇನೇ ಬೋಳಿಸ್ತೀನಿ."

ಕಟಿಂಗ್ ಮಾಸ್ಟರ್ ಈ ಪಂಥವನ್ನು ಹೆಂಡತಿಯ ಹತ್ತಿರ ಮಾತ್ರ ಕಟ್ಟಿದ್ದರೆ ವಿಷಯ ಅಡುಗೆಮನೆಯಲ್ಲೇ ಹುಟ್ಟಿ ಅಡುಗೆಮನೆಯಲ್ಲೇ ಸಾಯುತ್ತಿತ್ತು. ಅವರು ಅದನ್ನು ತಮ್ಮ ಟೈಲರ್ ಅಂಗಡಿಯಲ್ಲಿ ಮಿಷಿನ್ ತುಳಿಯುವವರಿಗೆಲ್ಲ ಹೇಳಿದರು. ಅಳತೆ ಕೊಡಲು ಬಂದ ಗಿರಾಕಿಗಳ ಕುತ್ತಿಗೆಗೆ ಟೇಪು ಸುತ್ತಿ ಹೇಳಿದರು. ಕುತ್ತಿಗೆಗೆ ಟೇಪು ಬಿದ್ದವರು ವಾದ ಮಾಡುವುದುಂಟೇ? ಹೌದು ಹೌದು ಎಂದು ತಲೆಯಾಡಿಸಿ ಬದುಕಿಕೊಂಡು ಹೋದರು. ಅದೂ ಸಾಲದೆ ರಸ್ತೆ ದಾಟಿ, ಎದುರಂಗಡಿಯ ಟೈಲರಿಗೂ ಹೇಳಿ ಬಂದರು. ಆ ಎದುರಂಗಡಿಯವರಿಗೆ ಅರವತ್ತು ದಾಟಿತ್ತು, ಮೀಸೆ ಮಾತ್ರ ಮಾಸ್ಟರ್ ಮೀಸೆಯ ಪಡಿಯಚ್ಚು. ಗಿರಾಕಿಗಳ ವಿಷಯದಲ್ಲಿ ಇಬ್ಬರಿಗೂ ಎಣ್ಣೆ ಸೀಗೇಕಾಯಿ. "ಆಗ್ಲಿ ಮಾಸ್ಟ್ರೇ, ನಾನೂ ಬರ್ತೀನಿ. ಯಾವುದು ನಡೆದ್ರೂ ನೋಡೋಕೆ ಚೆನ್ನಾಗಿರುತ್ತೆ" ಎಂದಿದ್ದರು ಅವರು, ಸೂಜಿಗೆ ದಾರ ಪೋಣಿಸುತ್ತಲೇ.

ಮಾಸ್ಟರಿಗೆ ಇಷ್ಟು ಧೈರ್ಯ ಬರಲು ಕಾರಣವಿತ್ತು. ಹೆಂಡತಿಗೆ ಮೆಡಿಕಲ್ ಶಾಪಿನಲ್ಲಿ ಕೆಲಸ. ಆಕೆ ಬೆಳಿಗ್ಗೆ ಬೇಗ ಹೊರಟುಬಿಡುತ್ತಿದ್ದಳು, ಮಾಸ್ಟರ ಅತ್ತೆ ಬಂದು ಮಗುವನ್ನು ಎತ್ತಿಕೊಳ್ಳುವವರೆಗೆ ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ. ಕೋಟಿನ ಗುಂಡಿಯ ಹಾಗೆ ದುಂಡಗೆ ಹುಟ್ಟಿದ್ದರಿಂದ ಮಗಳನ್ನು ಮಾಸ್ಟರ್ ಕರೆಯುತ್ತಿದ್ದದ್ದೇ 'ಗುಂಡಿ' ಎಂದು. ಗುಂಡಿಯನ್ನು ತೊಡೆಯ ಮೇಲೆ ಕೂರಿಸಿ, ಅವಳ ಪುಟ್ಟ ಕೈಗೆ ತಮ್ಮ ಮೀಸೆ ಕೊಟ್ಟು, "ಅಪ್ಪ… ಅಪ್ಪ…" ಎಂದು ಪಾಠ ಹೇಳುವುದು ದಿನದ ಮೊದಲ ಕೆಲಸ. ಮೀಸೆಯೆಂದರೆ ಅಂತಿಂಥ ಮೀಸೆಯಲ್ಲ! ಮೂಗಿನಡಿಯಿಂದ ಹೊರಟು, ಕೆನ್ನೆಯ ಮೇಲೆ ಸವಾರಿ ಮಾಡಿ, ತುದಿಯಲ್ಲಿ ಎರಡು ಸುತ್ತು ಸುತ್ತಿಕೊಂಡು ನಿಲ್ಲುವ ಮೀಸೆ. ಗುಂಡಿ ಅದನ್ನು ಜಗ್ಗುತ್ತಿದ್ದಳು, ಮಾಸ್ಟರ್ ಕಣ್ಣಲ್ಲಿ ನೀರು ಬರುತ್ತಿತ್ತು, ಪಾಠ ಮುಂದುವರಿಯುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಅವಳು ಮೀಸೆ ಹಿಡಿದು, ಎರಡು ಹಲ್ಲು ತೋರಿಸಿ, "ಅಪ್ಪ" ಎಂದೇಬಿಟ್ಟಳು. ಆ ಖುಷಿಯಲ್ಲಿ ಮಾಸ್ಟರ್ ಆ ದಿನ ಒಂದು ಪ್ಯಾಂಟಿಗೆ ಜೇಬಿಡುವುದನ್ನೇ ಮರೆತರು.

ಹೆಂಡತಿ ನಂಬಲಿಲ್ಲ. "ಒಂಬತ್ತು ತಿಂಗಳು ಹೊತ್ತಿದ್ದು ನಾನು, ಅದು ಮೊದಲು 'ಅಪ್ಪ' ಅನ್ನುತ್ತಾ? ನಾಕು ಜನದ ಮುಂದೆ ಅನ್ಸಿ, ಆಗ ನೋಡೋಣ" ಎಂದಳು. ಹುಟ್ಟಿದ್ದು ಹೀಗೆ ಪಂಥ.

ಹುಟ್ಟುಹಬ್ಬದ ಮಧ್ಯಾಹ್ನ ಹಾಲಿನಲ್ಲಿ ಬಲೂನು ಕಟ್ಟುವ ಕೆಲಸ ನಡೆದಿತ್ತು, ಮಗು ಒಳಗೆ ಮಲಗಿತ್ತು. ಫೋಟೋದಲ್ಲಿ ಚೆನ್ನಾಗಿ ಕಾಣಲಿ, ಸಲೂನಿಗೆ ಹೋಗಿ ಮೀಸೆಯ ತುದಿ ಒಂಚೂರು ನೀಟು ಮಾಡಿಸಿಕೊಂಡು ಬನ್ನಿ ಎಂದಳು ಹೆಂಡತಿ. ಮಾಸ್ಟರಿಗೆ ಅವಮಾನವಾಯಿತು.

"ಕತ್ತರಿ ಹಿಡಿದು ಅನ್ನ ತಿನ್ನೋನು ನಾನು. ಇನ್ನೊಬ್ಬನ ಕತ್ತರಿಗೆ ತಲೆ ಕೊಡ್ಲಾ?"

"ತಲೆ ಅಲ್ಲ ರೀ, ಮೀಸೆ. ತಲೆ ಇದ್ದಿದ್ರೆ ನಾನ್ಯಾಕೆ ಹೇಳ್ಬೇಕಿತ್ತು."

ಮಾಸ್ಟರ್ ಕೋಟಿನ ಬಟ್ಟೆ ಕತ್ತರಿಸುವ ಮೊಳದುದ್ದದ ಕತ್ತರಿ, ಟೇಪು, ಗುರುತು ಹಾಕುವ ಸೀಮೆಸುಣ್ಣ ಹಿಡಿದು ಬಚ್ಚಲುಮನೆ ಹೊಕ್ಕರು. ಯುದ್ಧಕ್ಕೆ ಹೊರಟ ಸೇನಾಪತಿಯೂ ಇಷ್ಟು ಸರಂಜಾಮು ಒಯ್ಯುವುದಿಲ್ಲ. ತುಟಿಯ ಮೇಲೆ ಅಳೆದರು, ಸುಣ್ಣದ ಗೆರೆ ಎಳೆದರು, ಬಲಗಡೆ ಒಂದು ಕಚಕ್ ಕೊಟ್ಟರು. ಸೊಗಸಾಗಿ ಬಂತು. ಎಡಗಡೆ ಒಂದು ಕಚಕ್. ಎಡ ಒಂದು ನೂಲಿನಷ್ಟು ಗಿಡ್ಡವಾಯಿತು. ಸರಿಮಾಡಲು ಬಲಕ್ಕೆ ಇನ್ನೊಂದು. ಈಗ ಬಲ ಗಿಡ್ಡ.

ಇಷ್ಟು ವರ್ಷದಲ್ಲಿ ಮಾಸ್ಟರ್ ಕತ್ತರಿಸಿದ ಅಂಗಿಯ ಎರಡು ತೋಳು ಒಂದಕ್ಕೊಂದು ತಪ್ಪಿದ್ದೇ ಇಲ್ಲ. ಬಟ್ಟೆಯನ್ನು ಮಡಚಿ, ಎರಡೂ ತೋಳನ್ನು ಒಂದೇ ಏಟಿಗೆ ಕತ್ತರಿಸುವುದು ಅದರ ಗುಟ್ಟು. ಮೀಸೆಯನ್ನು ಮಡಚಲು ಬರುವುದಿಲ್ಲ ಎಂಬ ಸತ್ಯ ಅವರಿಗೆ ಹೊಳೆಯುವಷ್ಟರಲ್ಲಿ ಮೂಗಿನ ಕೆಳಗೆ ಉಳಿದದ್ದು ಕಪ್ಪು ಗುಂಡಿ ಹೊಲಿದಂಥ ಒಂದು ಚುಕ್ಕೆ. ಅಂಗಿಯಾಗಿದ್ದರೆ ಒಳಗೆ ಮಡಚಿ ಬಿಟ್ಟ ಬಟ್ಟೆಯನ್ನು ಬಿಚ್ಚಿ ಉದ್ದ ಮಾಡಬಹುದಿತ್ತು. ದೇವರು ಮೀಸೆಗೆ ಒಳಗೆ ಬಟ್ಟೆ ಬಿಟ್ಟಿಲ್ಲ. "ಹೊಲಿಗೆ ತಪ್ಪಿದ್ರೆ ಬಿಚ್ಬಹುದು, ಕತ್ತರಿ ತಪ್ಪಿದ್ರೆ ಮುಗೀತು" ಎಂದು ಕೆಲಸಗಾರರಿಗೆ ದಿನಾ ಬೈಯುತ್ತಿದ್ದವರು ಕಣ್ಣು ಮುಚ್ಚಿ ರೇಜರ್ ಎತ್ತಿಕೊಂಡರು.

ಹೊರಗೆ ಬಂದಾಗ ಮೇಲ್ದುಟಿ ಕೋಟಿನ ಒಳಗಿನ ಲೈನಿಂಗಿನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಹೆಂಡತಿ ಬಲೂನು ಊದುವುದನ್ನು ನಿಲ್ಲಿಸಿ ನೋಡಿದಳು.

"ಯಾರು ಬೇಕಾಗಿತ್ತು?"

"ನಾನು ಕಣೇ."

"ಸೋತ ಮೇಲೆ ಬೋಳಿಸ್ತೀನಿ ಅಂದಿದ್ರಿ. ಇದೇನು, ಅಡ್ವಾನ್ಸಾ?"

ಅಷ್ಟರಲ್ಲಿ ಗುಂಡಿ ಎದ್ದಳು. ಮಾಸ್ಟರ್ ಓಡಿಹೋಗಿ ಎರಡು ಕೈಯಲ್ಲಿ ಎತ್ತಿಕೊಂಡರು. ಗುಂಡಿ ಆ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು. ಕೈ ಚಾಚಿ ಮೂಗಿನ ಕೆಳಗೆ ತಡಕಿದಳು. ಅಲ್ಲಿ ಏನೂ ಸಿಗಲಿಲ್ಲ. ಆಮೇಲೆ ಹೊರಟಿತು ನೋಡಿ ಒಂದು ಕಿರುಚು! ಹಾಲಿನಲ್ಲಿ ಎರಡು ಬಲೂನು ಒಡೆದವು. ಅವು ಹೆಂಡತಿಯ ಕೈಯಲ್ಲಿ ಒಡೆದದ್ದೋ ಕಿರುಚಿಗೆ ಒಡೆದದ್ದೋ ಇಂದಿಗೂ ತೀರ್ಮಾನವಾಗಿಲ್ಲ.

ನಿದ್ದೆಗಣ್ಣು, ಸರಿಹೋಗುತ್ತದೆ ಎಂದುಕೊಂಡರು ಮಾಸ್ಟರ್. ಸರಿಹೋಗಲಿಲ್ಲ. ಅವರು ಹಾಲಿಗೆ ಬಂದರೆ ಮಗು ಅಮ್ಮನ ಕುತ್ತಿಗೆಯಲ್ಲಿ ಮುಖ ಹುದುಗಿಸುತ್ತಿತ್ತು, ಅಡುಗೆಮನೆಗೆ ಹೋದರೆ ನಗುತ್ತಿತ್ತು. ನೆಂಟರು ಬರತೊಡಗಿದರು. ಮಾಸ್ಟರ್ ಕರ್ಚೀಫಿನಿಂದ ಮೂಗು ಬಾಯಿ ಮುಚ್ಚಿಕೊಂಡು ನೆಗಡಿ ಬಂದವರಂತೆ ಬಾಗಿಲಲ್ಲಿ ನಿಂತರು. ಅಂಗಡಿಯ ಕೆಲಸಗಾರರು ಅಯ್ಯೋ ಪಾಪ ಎಂದು ಒಳಗೆ ಹೋದರು. ಅತ್ತೆ ಮಾತ್ರ ಅಳಿಯನ ನೆಗಡಿಯನ್ನು ಸುಮ್ಮನೆ ಬಿಡುವವರಲ್ಲ. ಮೂಗಿಗೆ ಹಚ್ಚಲು ಮುಲಾಮು ಹಿಡಿದು ಬಂದವರೇ ಕರ್ಚೀಫು ಎಳೆದರು.

ಎಲ್ಲರ ಕಣ್ಣೂ ಮಾಸ್ಟರ್ ಮೂಗಿನ ಕೆಳಗೆ ಬಂದು ನಿಂತವು.

"ಅಯ್ಯೋ ಅಳಿಯಂದ್ರೇ," ಎಂದರು ಅತ್ತೆ, ಮುಲಾಮಿನ ಡಬ್ಬಿಯ ಮುಚ್ಚಳ ಹಾಕುತ್ತ, "ನಿಮ್ಮ ಬಾಯಿ ಇಷ್ಟು ಚಿಕ್ಕದಾ? ಮಾತು ಕೇಳಿ ದೊಡ್ಡದು ಅಂದ್ಕೊಂಡಿದ್ದೆ."

ಮಾಸ್ಟರಿಗೆ ಸೀಮೆಸುಣ್ಣದ ಗೆರೆಯ ಹಾಗೆ ಅಳಿಸಿಹೋಗಿಬಿಡಬೇಕು ಅನ್ನಿಸಿತು. ಅದಕ್ಕೂ ಬಿಡುವಿರಲಿಲ್ಲ, ಏಕೆಂದರೆ ಬಾಗಿಲಲ್ಲಿ ಎದುರಂಗಡಿಯವರು ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಸವರಿ ತಿರುವಿದ ಮೀಸೆ. ಅವರು ಒಳಗೆ ಕಾಲಿಟ್ಟದ್ದೇ ತಡ, ಅಮ್ಮನ ಕುತ್ತಿಗೆಯಿಂದ ಗುಂಡಿಯ ಮುಖ ಎದ್ದಿತು. ಕಣ್ಣು ಅರಳಿತು. ಎರಡು ಕೈ ಚಾಚಿ, ಅಮ್ಮನ ಸೊಂಟದಿಂದ ಜಿಗಿದು ಅವರ ಎದೆಗೆ ಬಿದ್ದಳು. ಮೀಸೆಯನ್ನು ಮುಷ್ಟಿ ತುಂಬ ಹಿಡಿದಳು. ಆಮೇಲೆ ಕೇಕಿನ ಮುಂದೆ, ಬಂದವರೆಲ್ಲ ಕಿವಿಯಾರೆ ಕೇಳುವ ಹಾಗೆ ಹೇಳಿದಳು:

"ಅಪ್ಪ."

ಪಂಥದಲ್ಲಿ ಹೇಳಿದ್ದೆಲ್ಲ ಅಕ್ಷರಶಃ ನಡೆಯಿತು. ಅಪ್ಪ ಮಾತ್ರ ಬೇರೆ!

ಮಿಷಿನ್ ತುಳಿಯುವವರು ನಗು ತಡೆಯಲು ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿದರು. ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡಳು. ಎದುರಂಗಡಿಯವರೇ ಗಂಭೀರವಾಗಿ ಮಗುವಿನ ಬೆನ್ನು ತಟ್ಟಿದರು.

"ನಾನಲ್ಲಮ್ಮಾ, ನಾನು ಬರೀ ಸ್ಯಾಂಪಲ್ಲು. ನಿಮ್ಮಪ್ಪ ಆಲ್ಟ್ರೇಷನ್ನಿಗೆ ಹೋಗಿದ್ದಾನೆ."

ಮಗುವನ್ನು ಅವರಿಂದ ಬಿಡಿಸಲು ನೋಡಿದರು, ಮೀಸೆಯೇ ಕೈಗೆ ಬರುವ ಹಾಗಾಯಿತು. ಕೇಕಿನ ಮೇಲಿನ ಕ್ರೀಮು ಸೆಕೆಗೆ ಇಳಿಯತೊಡಗಿತ್ತು. ಮಗು ಯಾರ ಹತ್ತಿರ ಸುಮ್ಮನಿರುತ್ತದೋ ಅವರೇ ಹಿಡಿದುಕೊಳ್ಳಲಿ ಎಂದು ಅತ್ತೆ ತೀರ್ಪು ಕೊಟ್ಟರು. ಮಧ್ಯೆ ಗುಂಡಿ, ಒಂದು ಪಕ್ಕ ಅಮ್ಮ, ಇನ್ನೊಂದು ಪಕ್ಕ ಎದುರಂಗಡಿಯವರು. ಎಲ್ಲರೂ ಚಪ್ಪಾಳೆ ತಟ್ಟಿದರು, ಮೊಬೈಲುಗಳು ಮಿಂಚಿದವು. ನಿಜವಾದ ಅಪ್ಪ ಮೂಲೆಯಲ್ಲಿ ಪೇಪರ್ ತಟ್ಟೆಯ ಕಟ್ಟು ಹಿಡಿದು ನಿಂತಿದ್ದರು. ಆಗ ತಡವಾಗಿ ಬಂದ ಮೆಡಿಕಲ್ ಶಾಪಿನ ಯಜಮಾನರು ಅವರನ್ನು ಮೇಲಿಂದ ಕೆಳಗೆ ನೋಡಿ, ಸ್ಪೂನುಗಳನ್ನು ಎಲ್ಲಿಟ್ಟಿದ್ದೀಯಪ್ಪಾ, ನಿಮ್ಮ ಕೇಟರಿಂಗಿನವರು ಇನ್ನೂ ಯಾರಾದರೂ ಬಂದಿದ್ದಾರಾ ಎಂದು ಕೇಳಿದರು. ಮಾಸ್ಟರ್ ಸ್ಪೂನು ತಂದುಕೊಟ್ಟರು. ಇನ್ನೇನು ಹೇಳಲು ಬಾಯಿದೆ? ಇದ್ದದ್ದೂ ಚಿಕ್ಕದು!

ತಟ್ಟೆ ಹಂಚಿ ಮುಗಿದ ಮೇಲೆ ಅವರು ಹೊರಬಾಗಿಲ ಹತ್ತಿರ, ನೆಂಟರ ಚಪ್ಪಲಿ ರಾಶಿಯ ಪಕ್ಕ, ಮೆಟ್ಟಿಲ ಮೇಲೆ ಕೂತರು. ಜನ ನಕ್ಕದ್ದು ಅವರಿಗೆ ಅಷ್ಟು ಚುಚ್ಚಿರಲಿಲ್ಲ. ಪಂಥ ಸೋತದ್ದೂ ಅಲ್ಲ. ಎತ್ತಿಕೊಂಡಾಗ ಗುಂಡಿ ನೋಡಿದಳಲ್ಲ, ದಾರಿಯಲ್ಲಿ ಹೋಗುವ ಯಾರನ್ನೋ ನೋಡುವ ಹಾಗೆ, ಆ ನೋಟ ಎದೆಯಲ್ಲಿ ಮುರಿದ ಸೂಜಿಯಾಗಿ ಕೂತಿತ್ತು. ದಿನಾ ಬೆಳಿಗ್ಗೆ ಮೀಸೆಯನ್ನು ಕೈಗೆ ಕೊಟ್ಟು 'ಅಪ್ಪ' ಎಂದು ಹೇಳಿಕೊಟ್ಟವರು ಯಾರು? ಮಗು ಜಾಣೆ. ಕೈಗೆ ಕೊಟ್ಟದ್ದರ ಹೆಸರನ್ನು ಸರಿಯಾಗಿ ಕಲಿತಿತ್ತು. ಕಲಿಸಿದವನೇ ದಡ್ಡ.

ಹಿಂದಿನಿಂದ ಸರಬರ ಸದ್ದಾಯಿತು. ಜನರ ಕಾಲುಗಳ ಸಂದಿಯಲ್ಲಿ ಅಂಬೆಗಾಲಿಟ್ಟುಕೊಂಡು ಗುಂಡಿ ಚಪ್ಪಲಿ ರಾಶಿಗೆ ಬಂದಿದ್ದಳು. ಮಾಸ್ಟರ್ ಉಸಿರು ಬಿಗಿಹಿಡಿದರು. ಅವಳು ಅವರತ್ತ ನೋಡಲೂ ಇಲ್ಲ. ರಾಶಿಯ ಪಕ್ಕದಲ್ಲಿ ಬಿದ್ದಿದ್ದ ಬೂಟು ಪಾಲಿಶಿನ ಬ್ರಶ್ಶನ್ನು ಎತ್ತಿಕೊಂಡಳು. ಕಪ್ಪು ಕೂದಲನ್ನು ಸವರಿದಳು. ಬಹಳ ಪ್ರೀತಿಯಿಂದ ಹೇಳಿದಳು.

"ಅಪ್ಪ."

ಮಾಸ್ಟರ್ ಸುತ್ತ ನೋಡಿದರು. ಮಾನ ಹೇಗೂ ಹೋಗಿತ್ತು, ಇನ್ನು ಹೋಗಲು ಏನೂ ಉಳಿದಿರಲಿಲ್ಲ. ಮೆಲ್ಲನೆ ಬ್ರಶ್ಶು ಇಸಿದುಕೊಂಡು ಮೂಗಿನ ಕೆಳಗೆ ಅಡ್ಡಲಾಗಿ ಹಿಡಿದು, ಪಾಲಿಶಿನ ಘಾಟಿಗೆ ಸೀನು ತಡೆಯುತ್ತ, "ಗುಂಡೀ" ಎಂದರು. ಗುಂಡಿ ಮುಖ ನೋಡಿದಳು, ಬ್ರಶ್ಶು ನೋಡಿದಳು, ಮತ್ತೆ ಮುಖ ನೋಡಿದಳು. ಎರಡು ಹಲ್ಲು ಹೊರಗೆ ಬಂದವು. ತೊಡೆ ಹತ್ತಿ ಕೂತು, ಬ್ರಶ್ಶನ್ನು ಜಗ್ಗಿ, ಅವರ ಎದೆಗೆ ತಲೆ ಇಟ್ಟಳು.

"ಹಾಗೇ ಇರಿ, ಅಲ್ಲಾಡ್ಬೇಡಿ" ಎಂದಿತು ಹೆಂಡತಿಯ ದನಿ. ಮೊಬೈಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಅತ್ತೆ, ಅತ್ತೆಯ ಹಿಂದೆ ಇಡೀ ಅಂಗಡಿ, ಎಲ್ಲರ ತಲೆಯ ಮೇಲೆ ಎದುರಂಗಡಿಯವರ ಮೀಸೆ. ಗುಂಡಿಯ ಮೊದಲ ಹುಟ್ಟುಹಬ್ಬದ ಫೋಟೋ ಎಂದು ಆ ಮನೆಯ ಗೋಡೆಯ ಮೇಲೆ ಕಟ್ಟು ಹಾಕಿ ತೂಗುಹಾಕಿರುವುದು ಅದನ್ನೇ.

ಮೀಸೆ ಮತ್ತೆ ಬೆಳೆಯುವವರೆಗೆ ಮಾಸ್ಟರ್ ಮನೆಯಲ್ಲಿ ಬ್ರಶ್ಶಿಲ್ಲದೆ ಮಗಳ ಮುಂದೆ ಸುಳಿಯಲಿಲ್ಲ. "ಬ್ರಶ್ಶು ಎಲ್ಲೇ?" "ಬ್ರಶ್ಶು ಕೊಡೇ, ಅಳ್ತಾ ಇದಾಳೆ" ಎಂದು ದಿನವಿಡೀ ಅದೇ ಕೂಗು. ಈ ನಡುವೆ ಗುಂಡಿ ಸ್ಪಷ್ಟವಾಗಿ "ಅಮ್ಮ" ಎಂದಳು. ಹೆಂಡತಿ ಆ ದಿನ ಮಾಸ್ಟರಿಗೆ ಒಂದು ಲೋಟ ಕಾಫಿ ಹೆಚ್ಚಿಗೆ ಕೊಟ್ಟಳು. ಬಾಯಿಬಿಟ್ಟು ಹೇಳಿದ್ದಕ್ಕಿಂತ ಅದೇ ಜಾಸ್ತಿಯಾಯಿತು.

ಕೊನೆಗೂ ಮೀಸೆ ಕೆನ್ನೆಯ ಮೇಲೆ ಸವಾರಿ ಹೊರಟಿತು, ತುದಿ ಸುತ್ತಿಕೊಂಡಿತು. ಈ ಸಲ ಸಲೂನಿನಲ್ಲೇ ನೀಟಾಗಿ ಮಾಡಿಸಿಕೊಂಡು, ಮಗಳನ್ನು ಎತ್ತಿಕೊಂಡು ಮಾಸ್ಟರ್ ಅಂಗಡಿಗೆ ಬಂದರು. ಕೆಲಸಗಾರರು ಮಿಷಿನ್ ನಿಲ್ಲಿಸಿದರು. ರಸ್ತೆಯಾಚೆಯಿಂದ ಎದುರಂಗಡಿಯವರೂ ಇಳಿದು ಬಂದರು. ಮಾಸ್ಟರ್ ಎದೆಯುಬ್ಬಿಸಿ ಮೀಸೆಯನ್ನು ಮಗಳ ಕೈಗೆ ಕೊಟ್ಟರು.

"ಹೇಳಮ್ಮಾ ಗುಂಡಿ. ಎಲ್ರಿಗೂ ಕೇಳೋ ಹಾಗೆ ಹೇಳು."

ಗುಂಡಿ ಮೀಸೆಯನ್ನು ಮುಷ್ಟಿ ತುಂಬ ಹಿಡಿದಳು. ಸವರಿದಳು. ಎರಡಲ್ಲ, ಈಗ ನಾಲ್ಕು ಹಲ್ಲು ತೋರಿಸಿ, ಇಡೀ ರಸ್ತೆಗೆ ಕೇಳುವ ಹಾಗೆ ಹೇಳಿದಳು:

"ಬಶ್ಶು!"