ಮೂವತ್ತನೇ ಕಿಲೋಮೀಟರಿನ ಸಹಿ

ತಮ್ಮ: ಸೋತಿದ್ದು ಸೋತಿದ್ದೇ ಭಾವ. ಎಂಟು ಸೆಕೆಂಡಾದ್ರೇನು, ಎಂಟು ದಿನ ಆದ್ರೇನು?

ಗಂಡ: ಎಂಟು ಸೆಕೆಂಡಲ್ಲಿ ನೀನು ಒಂದು ಸೀನು ಸೀನಿ ಮುಗಿಸಲ್ಲ ಕಣಯ್ಯಾ!

ಹೆಂಡತಿ: ಇಬ್ಬರೂ ಸ್ವಲ್ಪ ಆಚೆ ಸರೀರಿ. ನನ್ನ ಕತ್ತರಿಗೆ ಕಣ್ಣಿಲ್ಲ.

ಮನೆಯ ಮುಂದಿನ ಕೋಣೆಯೇ ಹೆಂಡತಿಯ ಹೊಲಿಗೆ ಅಂಗಡಿ. ಭಾನುವಾರ ಮಧ್ಯಾಹ್ನ. ಕತ್ತರಿಸುವ ಮೇಜಿನ ಪಕ್ಕದಲ್ಲಿ ಗಂಡ ಬಿಸಿನೀರಿನ ಬಕೆಟ್ಟಿಗೆ ಕಾಲಿಟ್ಟು ಕೂತಿದ್ದಾನೆ. ಕೆಲಸದಲ್ಲಿ ಸರ್ವೆಯರ್, ಬೆಟ್ಟದ ಓಟದಲ್ಲಿ ದೊಡ್ಡ ಹೆಸರು, ನೂರು ಕಿಲೋಮೀಟರಿನ ಪಂದ್ಯವನ್ನು ಎರಡು ಸಲ ಗೆದ್ದವನು. ಕ್ರೀಡಾಶಾಲೆಯವರು ಅವನಿಗೆ ಓಟದ ತರಬೇತುದಾರನ ಕೆಲಸ ಕೊಡಲು ಸಿದ್ಧರಿದ್ದರು. ಷರತ್ತು ಒಂದೇ: ಡಾಂಬರು ರಸ್ತೆಯ ಮ್ಯಾರಥಾನನ್ನು ಎರಡು ಗಂಟೆ ನಲವತ್ತು ನಿಮಿಷದೊಳಗೆ ಓಡಿದ ಪ್ರಮಾಣಪತ್ರ ಬೇಕು. "ಬೆಟ್ಟ ಹತ್ತುವವನಿಗೆ ರಸ್ತೆ ಏನು ಮಹಾ" ಎಂದು ಸಂದರ್ಶನದಲ್ಲಿ ಹೇಳಿ ಬಂದಿದ್ದ. ಈ ದಿನ ಬೆಳಗ್ಗೆ ಆರು ಗಂಟೆಗೆ ಹೊರಟು ಓಡಿದ. ಎರಡು ಗಂಟೆ, ನಲವತ್ತು ನಿಮಿಷ, ಎಂಟು ಸೆಕೆಂಡು.

ಹೆಂಡತಿಯ ತಮ್ಮ ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಅವನೂ ರಸ್ತೆ ಓಟಗಾರನೇ. ಹನ್ನೆರಡು ವರ್ಷದಿಂದ ಓಡುತ್ತಿದ್ದಾನೆ, ಮೂರೂವರೆ ಗಂಟೆಯೊಳಗೆ ಒಮ್ಮೆಯೂ ಬಂದವನಲ್ಲ. ಹೀಗಾಗಿ ರಸ್ತೆ ಓಟ ಎಷ್ಟು ಕಷ್ಟ ಎಂಬುದರ ಬಗ್ಗೆ ಅವನಷ್ಟು ಅಧಿಕಾರದಿಂದ ಮಾತನಾಡುವವರು ಬೇರೆ ಇಲ್ಲ.

ತಮ್ಮ: ಮೂವತ್ತನೇ ಕಿಲೋಮೀಟರಿಗೆ ನೀವು ಕುಸೀತೀರಿ ಅಂತ ಮೊದಲೇ ಹೇಳಿದ್ದೆ. ಬೇಕಾದ್ರೆ ಬರೆದು ಕೊಡ್ತೀನಿ ಅಂದಿದ್ದೆ. ಬೆಟ್ಟದವರ ಓಟ ಅಂದ್ರೆ ಏನು? ಹತ್ತೋವಾಗ ನಡಿಗೆ, ಇಳಿಯೋವಾಗ ಜಾರುಬಂಡೆ, ನಡುವೆ ಕೂತ್ಕೊಂಡು ಸೂಪು.

ಗಂಡ: ನಿಮ್ಮದೇನು? ಗಾಣದ ಎತ್ತಿಗೆ ನೇರ ರಸ್ತೆ ಸಿಕ್ಕ ಹಾಗೆ. ಅದೇ ಹೆಜ್ಜೆ, ಅದೇ ಉಸಿರು, ಅದೇ ಅಳುಮುಖ.

ತಮ್ಮ: ಅದೇ ಹೆಜ್ಜೆ ಇಡೋದೇ ವಿದ್ಯೆ ಭಾವ! ಒಂದೊಂದು ಕಿಲೋಮೀಟರಿಗೂ ಮೂರು ನಿಮಿಷ ನಲವತ್ತೇಳು ಸೆಕೆಂಡು. ನಲವತ್ತೆರಡು ಸಲ. ಬಂಡೆ ಅಡ್ಡ ಬಂತು, ಬೇರು ಕಾಲಿಗೆ ತೊಡರಿತು, ಮೋಡ ಚೆನ್ನಾಗಿತ್ತು ಅಂತ ನೆಪ ಹೇಳೋ ಹಾಗಿಲ್ಲ.

ಹೆಂಡತಿ: ಮನೇಲೂ ಇವರು ಹಾಗೇ ಕಣೋ. ಅಡುಗೆಮನೆಯಿಂದ ಒಂದು ಲೋಟ ನೀರು ತನ್ನಿ ಅಂದ್ರೆ ದಾರೀಲಿ ಎರಡು ಕಡೆ ಕೂತು ಬರ್ತಾರೆ.

ಗಂಡ: ನೀನು ಯಾರ ಕಡೆ?

ಹೆಂಡತಿ: ನಾನು ಬಟ್ಟೆ ಕಡೆ. ತಿಂಗಳಲ್ಲಿ ಇಪ್ಪತ್ತು ದಿನ ಸರ್ವೆ ಅಂತ ಊರೂರು ಅಲೀತೀರಿ. ಉಳಿದ ಹತ್ತು ದಿನ ಬೆಟ್ಟ. ಈ ಕೆಲಸ ಸಿಕ್ಕಿದ್ರೆ, ನನಗೊಬ್ಬ ಗಂಡ ಇದಾನೆ ಅಂತ ಪಕ್ಕದ ಮನೆಯವರು ಕಣ್ಣಾರೆ ನೋಡ್ತಿದ್ರು.

ಗಂಡ ಬಕೆಟ್ಟಿನೊಳಗೆ ನೋಡಿದ. ಅಲ್ಲಿ ಅವನ ಕಾಲಿನ ಕಪ್ಪಾದ ಉಗುರುಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ.

ತಮ್ಮ: ಅಕ್ಕ, ಇವರು ಬೆನ್ನಿಗೆ ಏನೇನು ಕಟ್ಕೊಂಡಿದ್ರು ಗೊತ್ತಾ? ಪೀಪಿ, ಟಾರ್ಚು, ಮಳೆ ಕೋಟು! ಬೀದಿಗೊಂದು ಬಸ್ ಸ್ಟಾಪ್ ಇರೋ ಊರಲ್ಲಿ ದಾರಿ ತಪ್ಪಿದ್ರೆ ಪೀಪಿ ಊದ್ತಾರಂತೆ.

ಗಂಡ: ನಿಯಮ ಅಂದ್ರೆ ನಿಯಮ.

ತಮ್ಮ: ಇವೆಲ್ಲ ಇಲ್ದೆ ಓಡೋ ಹಾಗಿಲ್ಲ ಅನ್ನೋದು ಬೆಟ್ಟದ ನಿಯಮ! ಮೇಲ್ಸೇತುವೆ ಬಂದ ತಕ್ಷಣ ಮೊಣಕಾಲ ಮೇಲೆ ಕೈ ಇಟ್ಕೊಂಡು ನಡೆದ್ರು ಅಕ್ಕ. ಹನ್ನೆರಡು ಹೆಜ್ಜೆ. ಎಣಿಸಿದೀನಿ.

ಗಂಡ: ಅಭ್ಯಾಸ ಬಲ. ಏರು ಕಂಡ್ರೆ ಕೈ ತಾನಾಗೇ ಹೋಗತ್ತೆ.

ಹೆಂಡತಿ: ಕೈ ಪುರಾಣ ಸಾಕು. ಆ ಎಂಟು ಸೆಕೆಂಡು ಹೋಗಿದ್ದೆಲ್ಲಿ, ಅದನ್ನ ಹೇಳಿ.

ಗಂಡ: ನೀರಿನ ಮೇಜಿನ ಹತ್ರ. ಬೆಟ್ಟದಲ್ಲಿ ಪ್ರತಿ ಮೇಜಿಗೂ ನಿಂತು ನಂಬರ್ ಹೇಳ್ಬೇಕು. ಅವರು ಬರ್ಕೊಂಡ್ಮೇಲೇ ಹೊರಡಬೇಕು. ಇಲ್ದಿದ್ರೆ ಕಳೆದುಹೋದ ಅಂತ ಹುಡುಕೋಕೆ ಹೊರಡ್ತಾರೆ.

ಹೆಂಡತಿ: ಇಲ್ಲಿ ಬರ್ಕೊಂಡ್ರಾ?

ಗಂಡ: ಮೊದಲನೇ ಮೇಜಲ್ಲಿ ನಿಂತು 'ಮುನ್ನೂರ ಹನ್ನೆರಡು' ಅಂದೆ. ಆ ಹುಡುಗಿ ಗಾಬರಿಯಾಗಿ, 'ಅಷ್ಟು ಲೋಟ ಇಲ್ಲ ಸರ್, ಸದ್ಯಕ್ಕೆ ಎರಡು ತಗೊಳ್ಳಿ' ಅಂದ್ಲು.

ತಮ್ಮ ನಗುತ್ತ ನಗುತ್ತ ಬಟ್ಟೆಯ ಗಂಟಿನ ಮೇಲೆ ಬಿದ್ದ. ಅದರಲ್ಲಿ ಗುಂಡುಸೂಜಿಗಳಿದ್ದವು. ಬಿದ್ದಷ್ಟೇ ವೇಗವಾಗಿ ಎದ್ದ.

ಹೆಂಡತಿ: ಆಮೇಲಾದ್ರೂ ಬುದ್ಧಿ ಬಂತಾ?

ಗಂಡ: ಬಂತು. ಎರಡನೇ ಮೇಜಿಂದ ನಿಲ್ಲಲಿಲ್ಲ, ಓಡ್ತಾ ಓಡ್ತಾನೇ ನಂಬರ್ ಕೂಗಿದೆ. ಯಾರೂ ಬರ್ಕೊಳ್ಳಲಿಲ್ಲ. ಆಮೇಲೆ ನಿಂತಿದ್ದು ಇನ್ನೊಂದೇ ಕಡೆ. ಮೂವತ್ತನೇ ಕಿಲೋಮೀಟರಲ್ಲಿ. ಅಲ್ಲೊಬ್ಬ ಮಹಾನುಭಾವ ಪುಸ್ತಕ ತೆಗೆದು ಬರ್ಕೊಂಡ.

ಹೆಂಡತಿ: ಯಾರದು?

ತಮ್ಮ: ಭಾವ, ನೀರು ತಣ್ಣಗಾಗಿರ್ಬೇಕು. ಬಿಸಿ ಮಾಡ್ಕೊಂಡು ಬರ್ಲಾ?

ಹೆಂಡತಿ: ಕೂತ್ಕೋ.

ತಮ್ಮ ಕೂತ. ಈ ಸಲ ಜಾಗ ನೋಡಿ ಕೂತ.

ತಮ್ಮ: ನಾನು ಹೋಗಿದ್ದು ಸಾಕ್ಷಿಗೆ ಅಕ್ಕ. ಇವರು ಅಲ್ಲಿ ಕುಸೀತಾರೆ, ಕುಸಿದ ಸಮಯ ಬರ್ಕೊಂಡು ತೋರಿಸೋಣ ಅಂತ. ಆದ್ರೆ ಇವರು ನೆಟ್ಟಗೆ ನನ್ನ ಮುಂದೆ ಬಂದು ನಿಂತು, 'ಮುನ್ನೂರ ಹನ್ನೆರಡು' ಅಂದ್ರು. ಹಾಗೆ ಯಾರಾದ್ರೂ ನಂಬರ್ ಹೇಳಿದ್ರೆ ನನ್ನ ಕೈ ಸುಮ್ಮನಿರತ್ತಾ? ದಿನಕ್ಕೆ ಇನ್ನೂರು ಬಸ್ ಬರ್ಕೊಳ್ಳೋ ಕೈ ಅದು.

ಗಂಡ: ಬರ್ಕೊಂಡಿದ್ದು ಮಾತ್ರ ಅಲ್ಲ ಕಣೇ, ಸಹಿ ಹಾಕಿ ಅಂದ!

ತಮ್ಮ: ನೀವ್ಯಾಕೆ ಹಾಕಿದ್ರಿ?

ಗಂಡ: ಇಡೀ ಊರಲ್ಲಿ ನನ್ನ ನಂಬರ್ ಬರ್ಕೊಂಡೋನು ನೀನೊಬ್ಬನೇ. ಆ ಖುಷೀಲಿ ಹಾಕ್ದೆ.

ಹೆಂಡತಿ ಕತ್ತರಿ ಕೆಳಗಿಟ್ಟು ಕೈ ಚಾಚಿದಳು. ತಮ್ಮ ಜೇಬಿನಿಂದ ಡಿಪೋದ ಉದ್ದನೆಯ ಪುಸ್ತಕ ತೆಗೆದು, ಕೊಡಲೋ ಬೇಡವೋ ಎಂಬಂತೆ ಕೊಟ್ಟ. ಅವಳು ಕನ್ನಡಕ ಸರಿಮಾಡಿಕೊಂಡು ಓದಿದಳು.

ಹೆಂಡತಿ: 'ವಾಹನ ಸಂಖ್ಯೆ ಮುನ್ನೂರ ಹನ್ನೆರಡು. ಬರಬೇಕಾದ ಸಮಯ ಏಳು ಐವತ್ಮೂರು ನಲವತ್ತೈದು. ಬಂದ ಸಮಯ ಏಳು ಐವತ್ಮೂರು ಇಪ್ಪತ್ತು.' ಅಂದ್ರೆ ಇಪ್ಪತ್ತೈದು ಸೆಕೆಂಡು ಮುಂಚೆ?

ತಮ್ಮ: ಅಷ್ಟೊತ್ತಿಗೆ ಗಾಳಿ ಹಿಂದಿನಿಂದ ಬೀಸ್ತಿತ್ತು.

ಹೆಂಡತಿ: 'ಬಿಟ್ಟ ಸಮಯ ಏಳು ಐವತ್ಮೂರು ಮೂವತ್ತೊಂಬತ್ತು.' ಹತ್ತೊಂಬತ್ತು ಸೆಕೆಂಡು ನಿಲ್ಲಿಸಿದೀಯ. ಇವರು ಸೋತಿದ್ದು ಎಂಟರಲ್ಲಿ. ಷರಾ ಏನು ಬರೆದಿದೀಯ ಇಲ್ಲಿ? 'ವಾಹನ ಸುಸ್ಥಿತಿಯಲ್ಲಿದೆ. ಶಬ್ದವಿಲ್ಲ, ಹೊಗೆಯಿಲ್ಲ. ಮುಂದೆ ಹೋಗಬಹುದು.'

ತಮ್ಮ ಪುಸ್ತಕಕ್ಕೆ ಕೈ ಚಾಚಿದ, ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡಳು.

ಹೆಂಡತಿ: ಬರೆದು ಕೊಡ್ತೀನಿ ಅಂದಿದ್ದೆಯಲ್ಲ. ಚೆನ್ನಾಗೇ ಬರೆದು ಕೊಟ್ಟಿದೀಯ.

ತಮ್ಮ: ಆ ಪುಟ ಹರಿದುಬಿಡ್ತೀನಿ ಕೊಡಕ್ಕ.

ಹೆಂಡತಿ: ಹರಿ. ಪುಟಕ್ಕೆ ನಂಬರ್ ನೀನೇ ಹಾಕಿದೀಯ. ಮುಂದಿನ ತಪಾಸಣೇಲಿ ಆ ಪುಟ ಎಲ್ಲಿ ಅಂತ ಕೇಳಿದ್ರೆ ಏನಂತೀಯ?

ಗಂಡ: ಹರಿಯೋದ್ಯಾಕೆ? ನಾಳೆನೇ ಇದನ್ನ ಕ್ರೀಡಾಶಾಲೆಗೆ ತಗೊಂಡು ಹೋಗ್ತೀನಿ. ಇದಕ್ಕಿಂತ ಪ್ರಮಾಣಪತ್ರ ಬೇಕಾ?

ಹೆಂಡತಿ: ಹೋಗಿ. ಓಟದ ನಡುವೆ ಭಾಮೈದನ ಪುಸ್ತಕಕ್ಕೆ ಸಹಿ ಹಾಕೋಕೆ ನಿಂತೋನಿಗೆ ಯಾವ ತಾಯಿ ಮಕ್ಕಳನ್ನ ಒಪ್ಪಿಸ್ತಾಳೆ, ಕೇಳ್ಕೊಂಡು ಬನ್ನಿ. ಇನ್ನು ಮೂರು ವಾರಕ್ಕೆ ಪಕ್ಕದ ಊರಲ್ಲಿ ಇನ್ನೊಂದು ಓಟ ಇದೆ. ಆಗತ್ತಾ?

ಗಂಡ: ಆಗದೆ ಏನು? ನಾಳೆ ಅಂದ್ರೂ ಆಗತ್ತೆ.

ತಮ್ಮ: ಮೂರು ವಾರದಲ್ಲಾ? ನಾನಾಗಿದ್ರೆ ಮೂರು ತಿಂಗಳು ಮಂಚ ಬಿಟ್ಟು ಏಳ್ತಿರಲಿಲ್ಲ.

ಹೆಂಡತಿ: ಅದಕ್ಕೇ ನಿನ್ನನ್ನ ಯಾರೂ ಸಂದರ್ಶನಕ್ಕೆ ಕರೆದಿಲ್ಲ.

ಅವಳು ಗಂಡನ ಓಟದ ಬನಿಯನ್ನನ್ನು ಎಳೆದುಕೊಂಡು, ಪೀಪಿಯ ಜೇಬು, ಟಾರ್ಚಿನ ಜೇಬು ಎರಡನ್ನೂ ಬಿಚ್ಚಿದಳು. ಉಳಿದಿದ್ದ ಕೆಂಪು ಬಟ್ಟೆಯಿಂದ ಅಕ್ಷರ ಕತ್ತರಿಸಿ ಎದೆಯ ಮೇಲೆ ದೊಡ್ಡದಾಗಿ ಹೊಲಿದಳು: ತಡೆರಹಿತ. ಎತ್ತಿ ಹಿಡಿದು ಇಬ್ಬರಿಗೂ ತೋರಿಸಿದಳು.

ಹೆಂಡತಿ: ಓದಿ. ಇಬ್ಬರೂ ಜೋರಾಗಿ ಓದಿ. ಅರ್ಥ ಆಯ್ತಾ?

ತಮ್ಮ: ಆಯ್ತು. ಆದ್ರೆ ಅಕ್ಕ, ತಡೆರಹಿತ ಅನ್ನೋದು ಪ್ರಯಾಣಿಕರಿಗೆ. ಟೈಮ್‌ಕೀಪರ್ ಹತ್ರ ಎಲ್ಲ ಬಸ್ಸೂ ನಿಂತು ಸಹಿ ಹಾಕ್ಲೇಬೇಕು.

ಬೆಳಗ್ಗೆಯಿಂದ ಮೊದಲ ಸಲ ಗಂಡ ಅವನ ಮಾತಿಗೆ ತಲೆದೂಗಿದ.

ಗಂಡ: ಅದು ನಿಜ ಕಣೇ. ನಿಯಮ ಅಂದ್ರೆ ನಿಯಮ.