ಟ್ಯಾಂಕಿನ ಮೇಲ್‌ಗೆ ಉತ್ತರ

ಭಾನುವಾರ ಬೆಳಗ್ಗೆ ಶರಣುವಿನ ಸ್ಕೂಟರಿನ ಮೇಲೆ ತೆಂಗಿನಕಾಯಿ ಬಿತ್ತು. ಹಿಂದಿನ ಸಲ ಬಿದ್ದ ಕಾಯಿ ಕನ್ನಡಿ ಒಡೆದಿತ್ತು. ಈ ಸಲದ್ದು ಹೆಡ್‌ಲೈಟನ್ನು ಒಡೆಯಿತು.

ಸಯನ್ ಬಡಾವಣೆಯ ಆ ಹಳೆಯ ಬಿಲ್ಡಿಂಗಿನಲ್ಲಿ ಗಾಡಿ ನಿಲ್ಲಿಸಲು ತಗಡಿನ ಶೆಡ್ ಒಂದಿತ್ತು. ಅದರಲ್ಲಿ ಜಾಗ ಸಿಕ್ಕವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ಸಿಗದವರ ಗಾಡಿಗಳು ತೆಂಗಿನ ಮರದ ಕೆಳಗೆ ನಿಂತು ಮಳೆ, ಪಾರಿವಾಳ, ತೆಂಗಿನಕಾಯಿ ಮೂರನ್ನೂ ಸಹಿಸುತ್ತಿದ್ದವು. ನೆನೆದ ಸ್ಕೂಟರ್ ಬೆಳಗ್ಗೆ ಸ್ಟಾರ್ಟ್ ಆಗುತ್ತಿರಲಿಲ್ಲ. ಪವಾಯಿಯ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಶರಣು ಮಳೆಗಾಲವಿಡೀ ತಡವಾಗಿ ಹೋಗುತ್ತಿದ್ದ. ಇನ್ನೊಮ್ಮೆ ತಡವಾದರೆ ಕಾಯಂ ರಾತ್ರಿ ಪಾಳಿ ಎಂದು ಮ್ಯಾನೇಜರ್ ಹೇಳಿಯಾಗಿತ್ತು.

ಅದೃಷ್ಟಕ್ಕೆ ಶೆಡ್ಡಿನಲ್ಲಿ ಒಂದು ಜಾಗ ಖಾಲಿಯಾಗಿತ್ತು. ದುರದೃಷ್ಟಕ್ಕೆ ಎರಡನೇ ಮಹಡಿಯ ಪ್ರೀತಮ್ ಕೂಡ ಅದನ್ನು ಕೇಳಿದ್ದ. ಮೊದಲು ಕೇಳಿದವರಿಗೆ ಮೊದಲು ಎಂಬುದು ಬಿಲ್ಡಿಂಗಿನ ಸೊಸೈಟಿಯ ನಿಯಮ. ಸಂಜೆಯ ಮೀಟಿಂಗಿನಲ್ಲಿ ತೀರ್ಮಾನ. ತಾನೇ ಮೊದಲು ಕೇಳಿದ್ದು ಎಂದು ಶರಣು ಒಡೆದ ಹೆಡ್‌ಲೈಟಿನ ಚೂರು ಹಿಡಿದುಕೊಂಡೇ ಸೆಕ್ರೆಟರಿ ಕಾಂತಪ್ಪನ ಬಾಗಿಲಿಗೆ ಹೋದ.

"ಬಾಯಿಮಾತಿಗೆ ಜಾಗಾ ಕೊಟ್ಟರ ನಾಳೆ ನಾ ಎಲ್ಲಿ ನಿಂದರಲಿ?" ಎಂದ ಕಾಂತಪ್ಪ, ಹಲ್ಲುಜ್ಜುತ್ತ. "ನೀ ಕಳಿಸಿದ ಮೇಲ್ ತೋರಸು, ಜಾಗಾ ತಗೋ."

ಮೇಲ್ ಹುಡುಕುವುದು ಸುಲಭವಿರಲಿಲ್ಲ. ವರ್ಷಗಳ ಹಿಂದೆ ಸೊಸೈಟಿಗೆ ಮೇಲ್ ಖಾತೆ ತೆರೆದಾಗ ಮೊಟ್ಟಮೊದಲು ಹೋದ ಮೇಲ್ 'ಟ್ಯಾಂಕ್ ಸ್ವಚ್ಛತೆ, ನಾಳೆ ನೀರಿಲ್ಲ' ಎಂಬುದು. ಸೊಸೈಟಿಯ ಮೇಲ್ ವಿಳಾಸ ಯಾರಿಗೂ ಬಾಯಿಪಾಠವಿರಲಿಲ್ಲ. ಹಾಗಾಗಿ ಯಾರಿಗೆ ಏನು ಬರೆಯಬೇಕೆನಿಸಿದರೂ ಆ ಮೇಲ್ ತೆರೆದು ರಿಪ್ಲೈ ಒತ್ತುತ್ತಿದ್ದರು. ಮಗಳ ಮದುವೆ, ಲಿಫ್ಟಿನ ದೂರು, ಸತ್ಯನಾರಾಯಣ ಪೂಜೆ, ಕಳೆದುಹೋದ ಬೆಕ್ಕು ಎಲ್ಲವೂ 'ಟ್ಯಾಂಕ್ ಸ್ವಚ್ಛತೆ'ಯೇ. ಹೊಸ ಬಾಡಿಗೆದಾರರು ಬಂದರೆ ಕೀಲಿಯ ಜೊತೆಗೆ ಆ ಮೇಲ್ ಕೂಡ ಕಳಿಸುತ್ತಿದ್ದರು. ಪ್ರತಿ ಉತ್ತರದ ಕೆಳಗೂ ಹಿಂದಿನ ಉತ್ತರಗಳೆಲ್ಲ ಬಾಲದಂತೆ ನೇತಾಡುತ್ತಿದ್ದವು. ಪಾರ್ಕಿಂಗ್ ಎಂದು ಹುಡುಕಿದರೆ ಬೆಕ್ಕಿನ ಮೇಲ್ ಕೂಡ ಬರುತ್ತಿತ್ತು.

ಈ ಅಭ್ಯಾಸವನ್ನು ಶರಣು ಆಫೀಸಿನಲ್ಲಿ ಜೋಕಾಗಿ ಹೇಳುತ್ತಿದ್ದ. ಇದಕ್ಕೆ ಮದ್ದೂ ಅವನಿಗೆ ಗೊತ್ತಿತ್ತು. ಹಳೆಯ ಮೇಲ್‌ಗಳನ್ನೆಲ್ಲ ಒಂದೆಡೆ ಕೂಡಿಟ್ಟು ಬ್ರೌಸರಿನಲ್ಲೇ ಹುಡುಕಲು ಬಿಡುವ ಉಚಿತ ಸಾಧನವೊಂದಿತ್ತು. ಅದು ತಾನಾಗಿ ಏನನ್ನೂ ಮಾಡುವುದಿಲ್ಲ. ಮಿಕ್ಸರಿಗೆ ಜಾರ್ ಬದಲಿಸಿದ ಹಾಗೆ ಒಂದೊಂದು ಕೆಲಸಕ್ಕೂ ಒಂದೊಂದು ಪ್ಲಗಿನ್ ಕೂರಿಸಬೇಕು. ಅವನು ಸೊಸೈಟಿ ಆಫೀಸಿನ ಬೀಗ ತೆಗೆಸಿ, ಕಂಪ್ಯೂಟರಿನ ಮೇಲೆ ಹೊದಿಸಿದ್ದ ಟವೆಲ್ ಸರಿಸಿ ಕೂತ.

ಮೊದಲ ಪ್ಲಗಿನ್ ಖಾತೆಯಲ್ಲಿದ್ದ ಮೇಲ್‌ಗಳನ್ನೆಲ್ಲ ಎಳೆದು ತಂದಿತು. ಪರದೆಯ ಮೇಲೆ ಬಂದದ್ದು ಒಂದೇ ಸಾಲು: ಟ್ಯಾಂಕ್ ಸ್ವಚ್ಛತೆ. ನಡುನಡುವೆ ಬಂದು ನೋಡುತ್ತಿದ್ದ ಕಾಂತಪ್ಪ, ಇಷ್ಟು ವರ್ಷದಲ್ಲಿ ಸೊಸೈಟಿಗೆ ಬಂದದ್ದು ಒಂದೇ ಒಂದು ಮೇಲಾ ಎಂದು ಕೇಳಿದ. ಅವನ ದನಿಯಲ್ಲಿ ಸ್ವಲ್ಪ ಸಮಾಧಾನವೂ ಇತ್ತು.

ಶರಣು ಎರಡನೆಯದನ್ನು ಕೂರಿಸಿದ. ಇದು ಬಾಲ ಕತ್ತರಿಸುವ ಪ್ಲಗಿನ್. ಕೂಡಲೇ ಆ ಒಂದು ಸಾಲು ಒಡೆದು ಸಾವಿರಾರು ಸಾಲುಗಳಾಗಿ ಕೆಳಗಿಳಿಯತೊಡಗಿತು. ತಾರೀಖು, ಹೆಸರು, ಮಾತು, ಎಲ್ಲ ಬೇರೆ ಬೇರೆ. ಸಾಲುಗಳು ನಿಲ್ಲಲೇ ಇಲ್ಲ. ಬಿಲ್ಡಿಂಗಿನ ಬದುಕೆಲ್ಲ ನಲ್ಲಿ ಬಿಚ್ಚಿದ ಹಾಗೆ ಸುರಿಯುವುದನ್ನು ಕಾಂತಪ್ಪ ಬಾಯಿ ತೆರೆದು ನೋಡಿದ. ಟೂತ್‌ಬ್ರಶ್ ಇನ್ನೂ ಕೈಯಲ್ಲೇ ಇತ್ತು.

ಸುದ್ದಿ ಮೇಲಿನ ಮಹಡಿಗಳಿಗೆ ಏರಿತು. ಕಾಂತಪ್ಪನ ಕೆಳಗಿನ ಮನೆಯ ಬಸಲಿಂಗವ್ವ ಬಂದವಳು ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಆಮೇಲೆ ಬಂದವರು ಅವಳ ಚಪ್ಪಲಿ ನೋಡಿ ತಮ್ಮದನ್ನೂ ಬಿಟ್ಟರು. ಸಂಜೆಯ ಹೊತ್ತಿಗೆ ಆಫೀಸಿನ ಮುಂದೆ ಶ್ರಾವಣ ಸೋಮವಾರದ ಗುಡಿಯ ಮುಂದಿದ್ದಷ್ಟು ಚಪ್ಪಲಿಗಳಿದ್ದವು. ಒಳಗೆ ಎಲ್ಲರೂ ಪಿಸುಗುಡುತ್ತಿದ್ದರು.

ಮೂರನೆಯ ಪ್ಲಗಿನ್ ಫೋಟೋದೊಳಗಿನ ಅಕ್ಷರ ಓದುವಂಥದ್ದು. ಅದನ್ನು ಪರೀಕ್ಷಿಸಲು ಶರಣು ಬಸಲಿಂಗವ್ವನ ಹೆಸರು ಹಾಕಿದ. ಅವಳ ಮಗನ ಲಗ್ನಪತ್ರಿಕೆ ಬಂತು. ಅದರ ಹಿಂದೆಯೇ ಕಾಂತಪ್ಪನ ಒಣಹಾಕಿದ ಪಟ್ಟೆಪಟ್ಟೆ ಚಡ್ಡಿಯಿಂದ ತನ್ನ ಹಪ್ಪಳದ ಮೇಲೆ ನೀರು ತೊಟ್ಟಿಕ್ಕುತ್ತದೆ ಎಂದು ಅವಳು ಫೋಟೋ ಸಮೇತ ಕಳಿಸಿದ ದೂರೂ ಬಂತು. ಕಾಂತಪ್ಪ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ. ಟ್ಯಾಂಕು ಕೊನೆಗೂ ಸ್ವಚ್ಛವಾಯಿತೇ ಎಂದು ಯಾರೋ ಕೇಳಿದರು. ಶರಣು ಹುಡುಕಿದ. ಅಷ್ಟು ಉತ್ತರಗಳಲ್ಲಿ ಆಯಿತು ಎಂದು ಒಬ್ಬರೂ ಬರೆದಿರಲಿಲ್ಲ. ಎಲ್ಲರೂ ಚಹಾದ ಲೋಟ ಕೆಳಗಿಟ್ಟರು.

ಮೀಟಿಂಗ್ ಶುರುವಾಯಿತು. ಶರಣು 'ಪಾರ್ಕಿಂಗ್' ಎಂದು ಟೈಪ್ ಮಾಡಿದ. ಕಣ್ಣು ಮಿಟುಕಿಸುವುದರೊಳಗೆ ಎರಡು ಮೇಲ್ ಬಂದವು. ಶರಣುವಿನದು ಹಳೆಯದು, ಪ್ರೀತಮನದು ಅದಕ್ಕಿಂತ ಎರಡು ಮಳೆಗಾಲ ಈಚಿನದು. ಶರಣುವಿನ ಅರ್ಜಿಯೂ ಟ್ಯಾಂಕಿನ ಮೇಲ್‌ಗೆ ಬರೆದ ಉತ್ತರವೇ ಆಗಿತ್ತು ಎಂಬುದನ್ನು ಅವನೊಬ್ಬನೇ ಗಮನಿಸಿ ಪರದೆಯನ್ನು ತುಸು ಮೇಲೆ ಸರಿಸಿದ. ಜಾಗ ಶರಣುವಿಗೆ ಎಂದು ಬರೆಯಲು ಕಾಂತಪ್ಪ ಪೆನ್ನಿನ ಟೋಪಿ ತೆಗೆದ.

ಅಲ್ಲಿಗೆ ಶರಣು ಕಂಪ್ಯೂಟರ್ ಆರಿಸಿ ಮನೆಗೆ ಹೋಗಬೇಕಿತ್ತು. ಆದರೆ ಪ್ರೀತಮ್ ಎದ್ದು ಹೊರಡುತ್ತ ಹೇಳಿದ: "ಪಾರ್ಕಿಂಗ್ ಅಂತ ಹಾಕಿದ್ರ ಪಾರ್ಕಿಂಗ್ ತೋರಸ್ತದ. ಇದ್ರಾಗೇನ್ ದೊಡ್ಡ ಮಾತ್ ಐತಿ, ಭಾಯ್? ಮೇರಾ ಫೋನ್ ಭೀ ಮಾಡ್ತದ."

ಕೋಣೆಯಲ್ಲಿದ್ದ ಭಕ್ತಿ ಒಂದು ಕೂದಲೆಳೆಯಷ್ಟು ಕಡಿಮೆಯಾಯಿತು. ಅಷ್ಟನ್ನೂ ಶರಣುವಿಗೆ ತಡೆಯಲಾಗಲಿಲ್ಲ. ಇನ್ನೊಂದು ಪ್ಲಗಿನ್ ಉಳಿದಿದೆ, ಅದು ಪದ ನೋಡುವುದಿಲ್ಲ, ಅರ್ಥ ನೋಡುತ್ತದೆ, ಯಾರು ಯಾವ ಮಾತಿನಲ್ಲಿ ಬರೆದಿದ್ದರೂ ಮನಸ್ಸಿನಲ್ಲಿದ್ದುದನ್ನು ಹಿಡಿಯುತ್ತದೆ ಎಂದು ವಿವರಿಸಿ ಅದನ್ನೂ ಕೂರಿಸಿದ. 'ಗಾಡಿ ನಿಲ್ಲಿಸಲು ಜಾಗ' ಎಂದು ಬರೆದು ಒತ್ತಿದ. ಹಳೆಯ ಕಂಪ್ಯೂಟರ್ ಘಾಟಿ ಹತ್ತುವ ಲಾರಿಯಂತೆ ನರಳಿತು. ಫ್ಯಾನಿನ ಗಾಳಿಗೆ ಅದರ ಹಿಂದಿನ ಧೂಳು ಹಾರಿತು.

ಈಗ ಮೂರು ಮೇಲ್ ಬಂದವು. ಮೂರನೆಯದು ಎಲ್ಲಕ್ಕಿಂತ ಹಳೆಯದು. ಕಳಿಸಿದವರು: ಶ್ರೀಮಂತ.

ಎಲ್ಲರೂ ಮೂಲೆಯಲ್ಲಿ ಕೂತಿದ್ದ ನೀಲಾಬಾಯಿಯತ್ತ ತಿರುಗಿದರು. ಶ್ರೀಮಂತ ಅವಳ ಗಂಡ. ತೀರಿಹೋಗಿ ವರ್ಷಗಳಾಗಿದ್ದವು. ಶರಣು ಓದಿದ.

"ಕಾಂತಪ್ಪನವರಿಗೆ ನಮಸ್ಕಾರ. ನನ್ನ ಕುದುರಿ ಬಿಸಲಾಗ ನಿಂತು ಬಣ್ಣ ಹೊಂಟೈತಿ. ತಗಡಿನ ಕೆಳಗ ಒಂದು ಮೂಲಿ ಸಿಕ್ಕರ ಕಟ್ಟತೀನಿ. ಅವಸರ ಇಲ್ಲ."

ಕುದುರೆ ಎಂದರೆ ಅವನ ನೀಲಿ ಸ್ಕೂಟರ್ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅದು ಯಂತ್ರಕ್ಕೆ ಹೇಗೆ ಗೊತ್ತಾಯಿತು ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ. ಬಸಲಿಂಗವ್ವ ಪರದೆಗೆ ಕೈಮುಗಿದಳು.

"ಇನ್ನೊಮ್ಮೆ ಓದೋ ತಮ್ಮಾ," ಎಂದಳು ನೀಲಾಬಾಯಿ.

ಶರಣು ಇನ್ನೊಮ್ಮೆ ಓದಿದ.

"ಅವಸರ ಇಲ್ಲ ಅಂದಾರಲ್ಲ," ಎಂದಳು ಅವಳು. "ಅವರು ಯಾವಾಗಲೂ ಹಂಗ. ಅದಕ್ಕ ಏನೂ ಸಿಗಲಿಲ್ಲ."

ಆ ಮೇಲ್‌ನ ಕೆಳಗೆ ಕಾಂತಪ್ಪನ ಉತ್ತರವನ್ನೂ ಯಂತ್ರ ತಾನಾಗಿ ತೋರಿಸಿತು: 'ನೋಡೂಣು.' ಕಾಂತಪ್ಪ ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಕೊನೆಗೆ ನಿಯಮ ಅಂದರೆ ನಿಯಮ, ಮೊದಲು ಕೇಳಿದವರಿಗೆ ಮೊದಲು ಎಂದ. ಜಾಗ ಶ್ರೀಮಂತನ ಕುದುರೆಗೆ ಹೋಯಿತು. ಶರಣು ಮಾತ್ರ ಎದುರಾಡಿದ.

"ಕಾಕಾ, ಆ ಗಾಡಿ ಚಾಲೂನ ಆಗೂದಿಲ್ಲ."

"ನಿಂದು ಆಗತೈತೇನು?" ಎಂದ ಕಾಂತಪ್ಪ.

ಬಿಲ್ಡಿಂಗಿನ ಹಿಂದೆ ತಾಡಪತ್ರಿ ಹೊದ್ದು ನಿಂತಿದ್ದ ಆ ಸ್ಕೂಟರಿನ ಎರಡೂ ಚಕ್ರಗಳಲ್ಲಿ ಗಾಳಿ ಇರಲಿಲ್ಲ. ಅದನ್ನು ಶೆಡ್ಡಿನವರೆಗೆ ತಳ್ಳಿದ್ದು ಶರಣು. ಹಿಡಿದುಕೊಂಡವನು ಪ್ರೀತಮ್, ನಗು ತಡೆಯಲಾಗದೆ ಒಂದೇ ಕೈಯಲ್ಲಿ. ನೀಲಾಬಾಯಿ ಸೆರಗಿನಿಂದ ಸೀಟು ಒರೆಸಿದಳು. ಶರಣುವಿನ ತಲೆ ಸವರಿ, ನಿನ್ನ ಪೆಟ್ಟಿಗೆಯಲ್ಲಿ ಅವರು ಬರೆದದ್ದು ಇನ್ನೂ ಏನೇನಿದೆಯೋ, ದಿನಾ ಸಂಜೆ ಬಂದು ಒಂದೊಂದೇ ಓದಿ ಹೇಳು ಎಂದಳು. ಅವನು ಆಗಲಿ ಎಂದು ತಲೆಯಾಡಿಸಿದ.

ಮುಂದೆ ಶೆಡ್ಡಿನಲ್ಲಿ ಜಾಗ ಖಾಲಿಯಾದರೆ ನೋಡೋಣ, ಆದರೆ ಹಳೆಯ ಅರ್ಜಿಗಳು ಇವತ್ತಿಗೆ ಮುಗಿದವು, ಹೊಸದಾಗಿ ಬರೆದು ಕಳಿಸು ಎಂದು ಕಾಂತಪ್ಪ ಹೇಳಿ ಹೋದ. ಶರಣು ತೆಂಗಿನ ಮರದ ಕೆಳಗೆ ತನ್ನ ಕಣ್ಣು ಹೋದ ಸ್ಕೂಟರಿಗೆ ಒರಗಿ ಮೊಬೈಲ್ ತೆಗೆದ. ಸೊಸೈಟಿಯ ವಿಳಾಸ ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಅತ್ತ ಇತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿಪಡಿಸಿಕೊಂಡು, ಟ್ಯಾಂಕಿನ ಮೇಲ್ ತೆರೆದು ರಿಪ್ಲೈ ಒತ್ತಿದ. ಪಾರ್ಕಿಂಗ್ ಬೇಕೆಂದು ಬರೆದು, ಕೊನೆಗೆ 'ಅವಸರ ಐತಿ' ಎಂದು ಸೇರಿಸಿ ಕಳಿಸಿದ.

ಉತ್ತರ ಕೂಡಲೇ ಬಂತು.

'ನೋಡೂಣು.'